ಎರಡು ಬೆರಳಿನ ಜಾಗ

ಬೆಳಿಗ್ಗೆ ಎಂಟು ಗಂಟೆಗೆ ಆಸ್ಪತ್ರೆಯ ಗಾಡಿಯನ್ನು ಹಗ್ಗ ಕಟ್ಟಿ ಬೆಸುಗೆ ಶೆಡ್ಡಿಗೆ ಎಳೆದು ತಂದರು; ಡ್ರೈವರೂ ಜೊತೆಗಿದ್ದ. ಕೆಳಗಿನಿಂದ ಇನ್ನೂ ಕಪ್ಪು ಆಯಿಲ್ ತೊಟ್ಟಿಕ್ಕುತ್ತಿತ್ತು.

ಸೊಸೆ ಬೆಸುಗೆಯ ಹೋಲ್ಡರ್ ಕೆಳಗಿಟ್ಟು ಓಡಿ ಬಂದಳು. ಇಂಜಿನ್ನಿನ ಅಡಿಗೆ ಕವಚದಂತೆ ಕಟ್ಟುವ ಉಕ್ಕಿನ ಗಾರ್ಡನ್ನು ಅವಳೇ ರಿಪೇರಿ ಮಾಡಿ ಎಂಟು ದಿನವಾಗಿತ್ತು. ತುಕ್ಕು ಹಿಡಿದ ಭಾಗ ಕತ್ತರಿಸಿ, ದಪ್ಪ ಪ್ಲೇಟ್ ಬೆಸೆದು, ಅದರ ಉದ್ದಕ್ಕೂ ಮೂರು ಪಟ್ಟಿ ಕೂರಿಸಿ, ಕಪ್ಪು ಬಣ್ಣ ಹೊಡೆದು ಗಂಡನ ಕೈಲಿ ಕಳಿಸಿದ್ದಳು. ಅದು ಅವಳ ಮೊದಲ ದೊಡ್ಡ ಕೆಲಸ. ಅದರ ಹಿಂದೆ ಆಸ್ಪತ್ರೆಯ ಇನ್ನೂ ಐದು ಗಾಡಿಗಳು ಸಾಲಿನಲ್ಲಿದ್ದವು.

"ಎಂಟೇ ದಿನ!" ಹಿಂದೆಯೇ ಬೈಕಿನಲ್ಲಿ ಬಂದಿಳಿದ ಡಾಕ್ಟರಮ್ಮ ಹೆಲ್ಮೆಟ್ಟನ್ನೂ ತೆಗೆಯಲಿಲ್ಲ. "ಗುಡ್ಡದ ಹಳ್ಳದಲ್ಲಿ ಒಂದು ಕಲ್ಲು ತಾಗಿದೆ. ಒಂದೇ ಒಂದು ಕಲ್ಲು! ಗಾರ್ಡ್ ಇದ್ದೂ ಆಯಿಲ್ ಚೇಂಬರ್ ಒಡೆದಿದೆ. ಲಸಿಕೆ ಪೆಟ್ಟಿಗೆನ ನರ್ಸು ತಲೆ ಮೇಲೆ ಹೊತ್ಕೊಂಡು ನಡ್ಕೊಂಡು ಹೋದ್ಳು. ಇದಕ್ಕೆ ಏನಂತೀರಾ?"

ಎದುರು ಶೆಡ್ಡಿನ ಮೇಸ್ತ್ರಿ ರಸ್ತೆ ದಾಟಿ ಬಂದು ಬಗ್ಗಿ ನೋಡಿ, ಲೊಚಗುಟ್ಟಿದ.

"ನಾನು ಆಗ್ಲೇ ಹೇಳಿದ್ದೆ ಡಾಕ್ಟ್ರೇ. ಬೆಸುಗೆ ಅಂದ್ರೆ ರಂಗೋಲಿ ಅಲ್ಲ."

ಸೊಸೆಯ ಕಿವಿ ಕೆಂಪಾಯಿತು. "ತಪ್ಪು ನನ್ನ ಬೆಸುಗೆದು ಅಂತಾದ್ರೆ," ಎಂದಳು, "ಇವತ್ತೇ ಕೈಬಿಡ್ತೀನಿ. ಇನ್ಮೇಲೆ ಹೋಲ್ಡರ್ ಮುಟ್ಟಲ್ಲ."

ಅದು ಬಾಯಿಮಾತಲ್ಲ. ಆ ಗಾಡಿಯಲ್ಲಿ ಓಡಾಡುವವರ ಜೀವ ತನ್ನ ಕೈಕೆಲಸದ ಮೇಲೆ ನಿಂತಿದೆ ಎಂದು ಎಂಟು ದಿನವೂ ಹೆಮ್ಮೆಪಟ್ಟವಳು ಅವಳು.

"ಮುಟ್ಟೋದು ಬಿಡೋದು ಆಮೇಲೆ. ಮೊದ್ಲು ನಾನು ನೋಡ್ಬೇಕು," ಎಂದು ಒಳಗಿನಿಂದ ದನಿ ಬಂತು.

ಅತ್ತೆ! ಮೂವತ್ತು ವರ್ಷ ಎರಕದ ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿ ಕೂತು, ಬಿರುಕು ಬಿಟ್ಟ ಮಾಲನ್ನು ವಾಪಸ್ ಕಳಿಸಿ ಕಳಿಸಿ ನಿವೃತ್ತಳಾದ ಹೆಂಗಸು. ಸೊಂಟದಲ್ಲಿ ಸದಾ ಬ್ಯಾಟರಿ ಟಾರ್ಚು. ಪಾತ್ರೆ ಅಂಗಡಿಗೆ ಹೋದರೂ ಅದರ ಬೆಳಕು ಬಿಟ್ಟು, ಬೆರಳಿನಿಂದ ತಟ್ಟಿ ನೋಡುತ್ತಾಳೆ. ಅವಳು ಬರುವುದು ಕಂಡರೆ ಅಂಗಡಿಯವರು ಊಟಕ್ಕೆ ಬಾಗಿಲು ಹಾಕುತ್ತಾರೆಂದು ಮಗ ತಮಾಷೆ ಮಾಡುವುದುಂಟು.

"ಹನ್ನೆರಡು ಗಂಟೆವರೆಗೆ ಟೈಮ್ ಕೊಡಿ ಡಾಕ್ಟ್ರೇ."

"ಕೊಟ್ಟೆ. ಆಮೇಲೆ ಐದೂ ಗಾಡಿ ಎದುರು ಶೆಡ್ಡಿಗೆ."

ಗಾಡಿಯನ್ನು ಅಡಿಯಿಂದ ನೋಡಲು ತೋಡಿದ ಗುಂಡಿಯ ಮೇಲೆ ನಿಲ್ಲಿಸಿದರು. ಅತ್ತೆ ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲಿಳಿದಳು. ಸೊಸೆ ಹಿಂದೆಯೇ ಇಳಿದಳು.

"ಬೆಸುಗೆ ಬಿಟ್ಟಿದ್ಯಾ?"

ಸೊಸೆ ಬೆರಳಾಡಿಸಿದಳು. ಒಂದು ಇಂಚೂ ಬಿಟ್ಟಿರಲಿಲ್ಲ. ಬೋಲ್ಟುಗಳೂ ಭದ್ರ. ಗಾರ್ಡಿನ ನಡುವೆ ಕಲ್ಲು ಬಡಿದ ತಗ್ಗು ಮಾತ್ರ ಇತ್ತು.

"ಎಷ್ಟು ಆಳ?"

"ಒಂದು ಬೆರಳು."

"ಗಾರ್ಡಿಗೂ ಚೇಂಬರಿಗೂ ನಡುವೆ ಎಷ್ಟು ಜಾಗ ಬಿಟ್ಟಿದ್ದೆ?"

"ಎರಡು ಬೆರಳು. ಅಳತೆ ಮಾಡೇ ಬಿಟ್ಟಿದ್ದೆ."

"ಹಾಗಾದ್ರೆ—" ಅತ್ತೆ ಬ್ಯಾಟರಿಯಿಂದ ತನ್ನ ಗದ್ದ ತಟ್ಟಿಕೊಂಡಳು, "ಎರಡು ಬೆರಳು ದೂರದಲ್ಲಿರೋದನ್ನ ಒಂದು ಬೆರಳು ಬಾಗಿದ ಗಾರ್ಡ್ ಒಡೆದಿದ್ದು ಹೇಗೆ?"

ಮೇಲಿನಿಂದ ಮೇಸ್ತ್ರಿ ಕೂಗಿದ: "ಉಕ್ಕು ಒಳಕ್ಕೆ ಬಾಗಿ ವಾಪಸ್ ಬಂದಿರತ್ತೆ! ಪ್ಲೇಟ್ ತೆಳು!"

ಸೊಸೆಗೆ ಅದೇ ಅನುಮಾನವಿತ್ತು. ಸುಳ್ಳು ಹೇಳಿ ಗೆಲ್ಲುವುದು ಅವಳಿಗೆ ಬೇಕಿರಲಿಲ್ಲ. "ಹಾಗೂ ಆಗತ್ತೆ ಅತ್ತೆ," ಎಂದಳು.

"ಆಗತ್ತೆ. ಬಿಚ್ಚು ನೋಡೋಣ."

ಬಿಚ್ಚಿದರು. ಚೇಂಬರಿನ ಕಡೆಗಿದ್ದ ಗಾರ್ಡಿನ ಮೇಲ್ಮೈ ತುಂಬ ಕೆಸರು ಒಣಗಿ ಅಂಟಿತ್ತು. ನಡುವೆ ಅಂಗೈಯಗಲದ ಒಂದು ಚೌಕ ಮಾತ್ರ ಸ್ವಚ್ಛ. ಅಲ್ಲಿ ಕಪ್ಪು ಬಣ್ಣಕ್ಕೆ ಒಂದು ಗೀರೂ ಇರಲಿಲ್ಲ.

"ಕೆಸರು ಉದುರಿದೆ ಅಷ್ಟೇ," ಎಂದ ಮೇಸ್ತ್ರಿ.

ಅತ್ತೆ ಚೇಂಬರಿನ ಬಿರುಕಿನ ಸುತ್ತ ಬ್ಯಾಟರಿ ಬಿಟ್ಟು ಬಹಳ ಹೊತ್ತು ನೋಡಿದಳು. ಹುಬ್ಬು ಕೀಳುವ ಚಿಮಟ ತರಿಸಿ, ಬಿರುಕಿನಿಂದ ಕೂದಲಿನಂಥ ಎಳೆಯೊಂದನ್ನು ಎಳೆದು ಕಾಗದದಲ್ಲಿ ಮಡಿಸಿಟ್ಟಳು. ಆಮೇಲೆ ಮೇಲೆ ಬಂದು ಮುಕ್ಕಾಲಿಯ ಮೇಲೆ ಕೂತಳು.

"ಮೇಸ್ತ್ರಿ, ಈ ಎಂಟು ದಿನದಲ್ಲಿ ನೀನು ಈ ಗಾಡಿ ಮುಟ್ಟಿದ್ಯಾ?"

ಮೇಸ್ತ್ರಿಯ ನಗು ಅರ್ಧಕ್ಕೆ ನಿಂತಿತು. "ಮೂರು ದಿನದ ಹಿಂದೆ. ಆಸ್ಪತ್ರೆ ಅಂಗಳದಲ್ಲಿ ಗ್ರೀಸ್ ಹೊಡೆದೆ. ಅಷ್ಟೇ! ನನ್ನ ಮೇಲೆ ಗೂಬೆ ಕೂರಿಸ್ಬೇಡಿ!"

"ಕೇಳಿದ್ನಪ್ಪ, ಕೂರಿಸಲಿಲ್ಲ. ಡ್ರೈವರಣ್ಣ, ಹಳ್ಳಕ್ಕೆ ಜೋರಾಗಿ ನುಗ್ಗಿಸಿದ್ಯಾ?"

"ಅಮ್ಮಾ, ಹಿಂದೆ ನರ್ಸಮ್ಮ ಇದ್ರು, ಗಾಜಿನ ಬಾಟ್ಲಿ ಇತ್ತು. ಎತ್ತಿನಗಾಡಿ ಥರ ಹೋಗ್ತಿದ್ದೆ." ಡ್ರೈವರು ಸೊಸೆಯ ಕಡೆ ನೋಡಿ ಮೆಲ್ಲಗೆ ಸೇರಿಸಿದ, "ಕೆಲಸ ಚೆನ್ನಾಗೇ ಇತ್ತಮ್ಮ. ಕೈಗೆ ಬಂದ ಮೊದಲ ದಿನದಿಂದ ಒಂದು ಚೂರು ಸದ್ದಿಲ್ಲ. ಗಾರ್ಡ್ ಇದೆಯೋ ಇಲ್ವೋ ಅಂತ ನಾನೇ ಬಗ್ಗಿ ನೋಡಿದ್ದೆ."

ಪಾಪ, ಒಳ್ಳೆಯ ಮಾತಾಡಿದೆನೆಂದೇ ಅವನ ಎಣಿಕೆ. ಸೊಸೆ ಮಾತ್ರ ತಲೆಯೆತ್ತಿದಳು.

"ಸದ್ದಿಲ್ವಾ? ಇಲ್ಲಿ ಶೆಡ್ಡಿನ ಅಂಗಳದಲ್ಲಿ ನಾನು ಓಡಿಸಿದಾಗ ಗುಂಯ್ ಅಂತಿತ್ತು. ದಪ್ಪ ಪ್ಲೇಟು, ಮೇಲೆ ಖಾಲಿ ಜಾಗ, ಸ್ವಲ್ಪ ಗುಂಯ್ ಅನ್ನಲೇಬೇಕು."

"ಇಲ್ಲಮ್ಮ. ಆಣೆ ಮಾಡಿ ಹೇಳ್ತೀನಿ."

ಪಕ್ಕದ ಮರಗೆಲಸದ ಕೊಟ್ಟಿಗೆಯಿಂದ ಬೆಳಿಗ್ಗೆಯಿಂದಲೂ ಕೇಳುತ್ತಿದ್ದ ಕೀಸುಳಿಯ ಸರಸರ ಥಟ್ಟನೆ ನಿಂತಿತು. ಅತ್ತೆ ಅತ್ತ ಒಮ್ಮೆ ನೋಡಿದಳು. ಸೊಸೆಗೆ ಆ ನೋಟದಲ್ಲಿ ಸಂಕಟ ಕಂಡಿತು, ಕಾರಣ ತಿಳಿಯಲಿಲ್ಲ.

"ಡಾಕ್ಟ್ರೇ, ಹನ್ನೆರಡು ಬೇಡ. ಈಗಲೇ ಹೇಳ್ತೀನಿ," ಎಂದಳು ಅತ್ತೆ. "ಗಾರ್ಡ್ ಬಾಗಿ ಚೇಂಬರಿಗೆ ಬಡಿದಿದ್ರೆ ಮೇಲಿನ ಬಣ್ಣ ಕಿತ್ತು ಬರ್ತಿತ್ತು. ಬಂದಿಲ್ಲ. ಅಂದ್ರೆ ಗಾರ್ಡ್ ಚೇಂಬರನ್ನ ಮುಟ್ಟೇ ಇಲ್ಲ. ಒಡೆದಿದ್ದು ನಡುವೆ ಇದ್ದ ಇನ್ನೊಂದು ವಸ್ತು."

"ಯಾವ ವಸ್ತು?"

ಅತ್ತೆ ಕಾಗದ ಬಿಡಿಸಿದಳು. "ಮರದ ಎಳೆ. ಎರಡು ಬೆರಳು ದಪ್ಪದ ಗಟ್ಟಿಮರದ ತುಂಡನ್ನ ಯಾರೋ ಪಕ್ಕದಿಂದ ತೂರಿಸಿ, ಬಿಗಿಯಾಗಿ ಕೂರಿಸಿದ್ದಾರೆ. ಅದು ಕೂತಿದ್ದ ಜಾಗಕ್ಕೇ ಕೆಸರು ಹತ್ತಿಲ್ಲ. ಗಾರ್ಡ್ ಬಾಗೋಕೆ ಅಂತ ಬಿಟ್ಟ ಜಾಗ ಅದು. ಅದನ್ನ ತುಂಬಿಬಿಟ್ರೆ ಕಲ್ಲಿನ ಏಟು ನೇರ ಚೇಂಬರಿಗೇ. ಎಳೆದು ತರುವಾಗ ತುಂಡು ದಾರಿಯಲ್ಲಿ ಬಿದ್ದುಹೋಗಿದೆ."

"ಮೇಸ್ತ್ರಿ?" ಡಾಕ್ಟರಮ್ಮ ತಿರುಗಿದಳು.

"ಅಯ್ಯೋ, ನಾನಲ್ಲ!"

"ಅವನಲ್ಲ. ಅವನು ಮುಟ್ಟಿದ್ದು ಮೂರು ದಿನದ ಹಿಂದೆ. ಸದ್ದು ಮೊದಲ ದಿನವೇ ನಿಂತಿತ್ತು. ಅಂಗಳದಲ್ಲಿ ಗುಂಯ್ ಅಂದ ಗಾಡಿ ಡ್ರೈವರ್ ಕೈಗೆ ಹೋಗುವಷ್ಟರಲ್ಲಿ ಸುಮ್ಮನಾಗಿದೆ. ನಡುವೆ ಅದನ್ನ ಓಡಿಸ್ಕೊಂಡು ಹೋಗಿ ತಲುಪಿಸಿದ್ದು ಒಬ್ಬನೇ. ಇನ್ನೂ ಒಂದು ಮಾತು. ಚೇಂಬರಿನ ಮೇಲೆ ಬಿದ್ದಿರೋ ಅಚ್ಚು ನೋಡಿ— ನಾಲ್ಕೂ ಮೂಲೆ ದುಂಡಗಿದೆ. ಯಾರ ಕಣ್ಣಿಗೂ ಬೀಳದ ಕಡೆ ತುರುಕೋ ತುಂಡಿಗೂ ಮೂಲೆ ಉಜ್ಜಿ ನುಣುಪು ಮಾಡೋ ಬಡಗಿ ಈ ಊರಲ್ಲಿ ಒಬ್ಬನೇ ಇರೋದು."

ಅತ್ತೆ ಕೊಟ್ಟಿಗೆಯ ಕಡೆ ತಿರುಗಿ ಕರೆದಳು. "ಬಾರೋ ಈಚೆಗೆ."

ಕೊಟ್ಟಿಗೆಯ ಬಾಗಿಲಲ್ಲಿ ಮಗ ನಿಂತಿದ್ದ. ಮೈತುಂಬ ಮರದ ಪುಡಿ. ಮುಖ ಸಪ್ಪಗಿತ್ತು.

"ನೀನಾ?" ಎಂದಳು ಸೊಸೆ.

"ದಾರೀಲಿ ಸದ್ದು ಬಂತು," ಎಂದ ಗಂಡ. "ಮೊದಲ ಕೆಲಸ, ಯಾರಾದ್ರೂ ಹೆಸರಿಡ್ತಾರೆ ಅಂತ ಹೆದರಿ ವಾಪಸ್ ಬಂದು ತುಂಡು ಕೂರಿಸ್ದೆ. ಗಟ್ಟಿಯಾಯ್ತು ಅಂದ್ಕೊಂಡೆ. ಬೆಳಿಗ್ಗೆ ಚೇಂಬರ್ ಒಡೆದಿದೆ ಅಂದಾಗ್ಲೇ ಅನುಮಾನ ಬಂತು. ಹೇಳೋಕೆ ಬಾಯಿ ಬರಲಿಲ್ಲ."

"ಬೆಳಿಗ್ಗೆಯಿಂದ ನಾನಿಲ್ಲಿ ಸಾಯ್ತಾ ಇದ್ದೆ."

"ನಿನ್ನ ಕೆಲಸದಲ್ಲಿ ಐಬು ಹುಡುಕಿದೆ ಅಂತ ಗೊತ್ತಾದ್ರೆ ನಿನ್ನ ಮುಖ ಬಾಡತ್ತೆ ಅಂತ—"

"ಮುಖ ಬಾಡಿದ್ರೆ ಸಂಜೆಗೆ ಸರಿಹೋಗತ್ತೆ. ಚೇಂಬರ್ ಸರಿಹೋಗತ್ತಾ?" ಅವಳಿಗೆ ಅಳುವೂ ಬಂತು, ಕೋಪವೂ ಬಂತು. ಎರಡರ ಅಡಿಯಲ್ಲಿ ಇನ್ನೇನೋ ಹಗುರವಾಯಿತು. ಬೆಸುಗೆ ನಿಂತಿತ್ತು. ಅವಳ ಕೈ ತಪ್ಪಿರಲಿಲ್ಲ.

ಗಂಡ ಡಾಕ್ಟರಮ್ಮನ ಎದುರು ಕೈಮುಗಿದ. "ತಪ್ಪು ನಂದು. ಹೊಸ ಚೇಂಬರ್ ನಾನೇ ತಂದುಕೊಡ್ತೀನಿ. ನರ್ಸಮ್ಮನ ಇನ್ನೊಂದು ಪೆಟ್ಟಿಗೆ ಇದ್ರೆ ಈಗಲೇ ಹೊತ್ಕೊಂಡು ಗುಡ್ಡ ಹತ್ತುತ್ತೀನಿ."

"ಪೆಟ್ಟಿಗೆ ಇದೆ. ಹತ್ತು," ಎಂದಳು ಡಾಕ್ಟರಮ್ಮ. ಆಮೇಲೆ ಹೆಲ್ಮೆಟ್ ತೆಗೆದು ಗುಂಡಿಗಿಳಿದು, ಆ ಬೆಸುಗೆಯ ಮೇಲೆ ತಾನೇ ಬೆರಳಾಡಿಸಿ ನೋಡಿದಳು. ಮೇಲೆ ಬಂದು ಎರಡನೇ ಗಾಡಿಯ ಕೀಲಿಯನ್ನು ಅತ್ತೆಯ ಕಡೆ ಚಾಚಿದಳು.

"ನನಗ್ಯಾಕೆ?" ಎಂದಳು ಅತ್ತೆ. "ಒಡೆದಿದ್ದನ್ನ ನೋಡೋಳು ನಾನು. ಒಡೆಯದ ಹಾಗೆ ಮಾಡೋಳು ಅಲ್ಲಿ ನಿಂತಿದ್ದಾಳೆ."

ಸೊಸೆ ಕೈಯನ್ನು ಹಳೇ ಬಟ್ಟೆಗೆ ಒರೆಸಿ, ಇನ್ನೊಮ್ಮೆ ಒರೆಸಿ, ಕೀಲಿ ತೆಗೆದುಕೊಂಡಳು. ಬಾಗಿಲು ದಾಟುತ್ತಿದ್ದ ಗಂಡನನ್ನು ಕರೆದಳು.

"ಆ ತುಂಡು ಸರಿಯಾಗಿ ಕೂತಿತ್ತಾ?"

"ಕೂದಲೂ ನುಸುಳದ ಹಾಗೆ," ಎಂದ ಅವನು, ಹೆಮ್ಮೆ ತಡೆಯಲಾಗದೆ.

ಸೊಸೆಗೆ ನಗು ಬಂದುಬಿಟ್ಟಿತು. "ಸಂಜೆ ಬೇಗ ಬಾ. ಎಷ್ಟು ಜಾಗ ಬಿಡ್ಬೇಕು ಅಂತ ಹೇಳಿಕೊಡ್ತೀನಿ," ಎಂದು ಎರಡನೇ ಗಾಡಿ ತರಲು ಹೊರಟಳು.