ಕಾಣೆಯಾದ ಹನ್ನೆರಡನೆಯ ವಚನ

ಪಾದ್ರಿಗಳು ಪುಟದ ಕೊನೆಯ ಕರಡನ್ನು ಮೇಜಿನ ಮೇಲೆ ಹರಡಿದಾಗ ಇಡೀ ಅಚ್ಚುಕೂಟ ಸುತ್ತ ನೆರೆಯಿತು. ಯೋಹಾನನ ಸುವಾರ್ತೆ, ಎರಡನೆಯ ಅಧ್ಯಾಯ. ಪುಟದ ಕೊನೆಯಲ್ಲಿರಬೇಕಿದ್ದ ಹನ್ನೆರಡನೆಯ ವಚನವೇ ಮಂಗಮಾಯ.

ಮಾಲೀಕರು ಎಡಗೈ ಬೆರಳನ್ನು ಅಚ್ಚಿನ ಮೊಳೆ ಜೋಡಿಸುವವನತ್ತ ಚಾಚಿದರು. "ನಿಂಗೆ ಕಣ್ಣು ಹೋಗಿದೆ. ನಾಳೆಯಿಂದ ಬರ್ಬೇಡ."

"ನಾನು ಜೋಡಿಸಿದ್ದೆ ಸಾರ್," ಎಂದ ಅವನು. ಇಪ್ಪತ್ತು ವರ್ಷದ ಕೆಲಸ ಅದು.

ಪುಸ್ತಕ ಹೊಲಿಯುತ್ತಿದ್ದ ಬೈಂಡರನಿಗೆ ಗೆಳೆಯನ ಮುಖ ನೋಡಲಾಗಲಿಲ್ಲ. ಮಹಡಿ ಹತ್ತಿ ಮಾಲೀಕರ ಸೋದರತ್ತೆಯನ್ನು ಕರೆತಂದ. ಕರಡು ತಿದ್ದಿಯೇ ತಲೆ ನರೆತವರು; ಅಚ್ಚುಕೂಟದಲ್ಲಿ ಏನು ಕಳೆದರೂ ಪತ್ತೆ ಹಚ್ಚುವವರು ಅವರೇ.

ಅತ್ತೆ ಹಳೆಯ ಕರಡು ತರಿಸಿದರು. ಅದರಲ್ಲಿ ವಚನವಿತ್ತು, ಪಕ್ಕದಲ್ಲಿ ಪಾದ್ರಿಗಳ ಕೈಬರಹದಲ್ಲಿ 'ಇಳಿಯಲಿ' ಎಂದಿತ್ತು. ಆಮೇಲೆ ಜೋಡಿಸಿದ ಮೊಳೆ ಚದುರದಂತೆ ಪ್ರತಿ ಪುಟದ ಸುತ್ತ ಕಟ್ಟಿದ್ದ ದಾರ ನೋಡಿದರು. ಎಲ್ಲಕ್ಕೂ ಬಲಕ್ಕೆ ಸುತ್ತಿತ್ತು. ಈ ಪುಟಕ್ಕೂ ಮುಂದಿನದಕ್ಕೂ ಮಾತ್ರ ಎಡಕ್ಕೆ.

"ಎಲ್ಲಾರೂ ಬನ್ನಿ, ಕೂತ್ಕೊಳ್ಳಿ," ಎಂದರು ಅತ್ತೆ. "ಪಾದ್ರಿಗಳೇ, ಇಳಿಯಲಿ ಅಂದ್ರೆ ಏನು?"

"ಮದುವೆ ನಡೆದ ಊರು ಎತ್ತರದಲ್ಲಿ, ಸರೋವರದ ಊರು ತಗ್ಗಲ್ಲಿ. 'ಹೋದನು' ಅಂತ ಇತ್ತು, 'ಇಳಿದು ಹೋದನು' ಅಂತಾಗ್ಬೇಕು. ಯೇಸು ಇಳಿಯಲಿ ಅಂತ ಬರೆದೆ."

"ಅಚ್ಚುಕೂಟದಲ್ಲಿ ಇಳಿಯಲಿ ಅಂದ್ರೆ ಸಾಲು ಮುಂದಿನ ಪುಟಕ್ಕೆ ಇಳಿಯಲಿ ಅಂತ. ಆ ಪುಟದ ಕರಡು ಇನ್ನೂ ತೆಗೆದಿಲ್ಲ. ಅದರ ಮೊಳೆಗಳಲ್ಲೇ ಮೇಲಿನ ಸಾಲು ನೋಡಪ್ಪ."

ಬೈಂಡರ್ ಬಗ್ಗಿ ನೋಡಿದ. ವಚನ ಅಲ್ಲೇ ಕೂತಿತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತಾಗಿತ್ತು.

"ಈ ಪುಟ ಕಟ್ಟಿದ್ದು ಎಡಚ," ಎಂದರು ಅತ್ತೆ. "ಇಲ್ಲಿ ಎಡಚ ಒಬ್ನೇ."

ಮಾಲೀಕರು ಎಡಗೈಯನ್ನು ಮೆಲ್ಲನೆ ಜೇಬಿಗಿಳಿಸಿದರು. "ಇವನು ಊಟಕ್ಕೆ ಹೋಗಿದ್ದ, ನಾನೇ ಸಾಲು ಇಳಿಸಿ ಎರಡೂ ಪುಟ ಕಟ್ಟಿದೆ. ಯಾವ ಸಾಲು ಅಂತ ಓದ್ಲಿಲ್ಲ. ಊರಿಂದ ಊರಿಗೆ ಹೋದ ಸಾಲು ತಾನೇ ಅತ್ತೆ?"

"ಬರೀ ದಾರಿ ಅಲ್ಲ ಕಣೋ ಅದು. ತಾಯಿ, ತಮ್ಮಂದಿರು, ಶಿಷ್ಯರು, ಎಲ್ಲಾರೂ ಯೇಸು ಜೊತೆಗಿದ್ರು, ಕೆಲವು ದಿನ ಅಲ್ಲೇ ಉಳಿದ್ರು. ಅದಾದ ಮೇಲೆ ದೇವಾಲಯದಲ್ಲಿ ಗಲಾಟೆ, ಊರೆಲ್ಲ ವೈರ. ಎಲ್ಲಾ ಒಟ್ಟಿಗೆ ಆರಾಮಾಗಿದ್ದದ್ದು ಆ ಕೆಲವೇ ದಿನ. ಅದನ್ನೂ ಕಿತ್ಕೋತೀಯಾ ಆ ತಾಯಿಯಿಂದ?"

ಬೈಂಡರನ ಕಣ್ಣು ಒದ್ದೆಯಾಯಿತು. ಮಾಲೀಕರು ಎದ್ದು ಮೊಳೆ ಜೋಡಿಸುವವನ ಕೈ ಹಿಡಿದರು. "ತಪ್ಪಾಯ್ತಪ್ಪ. ಕೆಲಸ ನಿಂದೇ. ಇನ್ನೇನು ಬೇಕು ಕೇಳು."

"ರಜೆ ಸಾರ್. ಅಮ್ಮ, ತಮ್ಮಂದಿರು ಎಲ್ಲಾ ಒಂದೇ ಮನೇಲಿ ಕೂತು ಆರು ವರ್ಷ ಆಯ್ತು."

"ಹೋಗಿ ಬಾ. ಎಷ್ಟು ದಿನ?"

"ಆ ವಚನದಲ್ಲೂ ಎಷ್ಟು ದಿನ ಅಂತ ಬರೆದಿಲ್ಲ ಸಾರ್," ಎಂದ ಅವನು.