ಮೇಡಂ ಬರೆದ ಪಟ್ಟಿ

ಅವನು ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಬಾಯ್ಲರ್ ಪಕ್ಕದಲ್ಲಿ, ಬೆವರಿನಲ್ಲಿ ತೊಯ್ದು ನಿಂತಿದ್ದಾಗ. ನಮ್ಮದು ಆಸ್ಪತ್ರೆ, ಹೋಟೆಲುಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿ. ನಾನು ಸೂಪರ್‌ವೈಸರ್. ಯಾರು ಬಾಯ್ಲರ್ ಹತ್ತಿರ ಬೇಯಬೇಕು, ಯಾರು ಕಿಟಕಿಯ ತಂಪಿನಲ್ಲಿ ಕೂತು ಬಟ್ಟೆ ಮಡಿಸಬೇಕು ಎಂಬ ಪಟ್ಟಿಯನ್ನು ಪ್ರತಿ ಸೋಮವಾರ ಬರೆಯುವವಳೂ ನಾನೇ.

"ನೀರು ಕುಡಿಯಪ್ಪಾ, ಬಿದ್ದುಗಿದ್ದೀಯ," ಎಂದೆ.

ಅವನು ತಲೆಯೆತ್ತಿದ. ರೆಪ್ಪೆಯ ಮೇಲೊಂದು ಬೆವರ ಹನಿ ಬೀಳಲೋ ಬೇಡವೋ ಎಂದು ನಿಂತಿತ್ತು.

"ಬಿದ್ರೆ ಎತ್ತೋಕೆ ನೀವಿದ್ದೀರಲ್ಲ, ಮೇಡಂ."

ನನಗೆ ಮೂವತ್ತೊಂಬತ್ತು. ಬುದ್ಧಿ ಇರಬೇಕಿತ್ತು, ಇರಲಿಲ್ಲ. ಮುಂದಿನ ಸೋಮವಾರ ಅವನ ಹೆಸರನ್ನು ಕಿಟಕಿ ಪಕ್ಕದ ಕೆಲಸಕ್ಕೆ ಬರೆದೆ. ಭಾನುವಾರ ಮಧ್ಯಾಹ್ನ ಮನೆಗೆ ಕರೆದೆ, ಬಂದ. ಆಮೇಲೆ ಪ್ರತಿ ಭಾನುವಾರವೂ ಬಂದ.

ಮಂಚದ ಮೇಲೂ ನಾನು ಅವನಿಗೆ ಮೇಡಮ್ಮೇ.

"ಇಲ್ಲೂ ಮೇಡಮ್ಮಾ?" ಎಂದು ಕಿವಿ ಹಿಂಡುತ್ತಿದ್ದೆ.

"ಅಭ್ಯಾಸ ಆಗೋಗಿದೆ," ಎನ್ನುತ್ತಿದ್ದ.

ಹೇಳಿದ ಹಾಗೆ ಮಲಗುತ್ತಿದ್ದ, ಹೇಳಿದಾಗ ಏಳುತ್ತಿದ್ದ. ಒಮ್ಮೆಯೂ ಬೇಡ ಎನ್ನಲಿಲ್ಲ. ಬೇಕು ಎಂದೂ ಅನ್ನಲಿಲ್ಲ. ನಾಚಿಕೆಯ ಸ್ವಭಾವ ಎಂದುಕೊಂಡು ಇನ್ನಷ್ಟು ಮರುಳಾದೆ.

ಒಂದು ಭಾನುವಾರ ಬರಲಿಲ್ಲ. ಅಮ್ಮನಿಗೆ ಜ್ವರ ಎಂದು ಫೋನ್ ಮಾಡಿದ್ದ. ಸೋಮವಾರ ಅವನನ್ನು ಬಾಯ್ಲರ್‌ಗೆ ಹಾಕಿದೆ. ಪ್ರೀತಿಯಲ್ಲಿ ಇಷ್ಟೂ ಮುನಿಸು ಇಲ್ಲದಿದ್ದರೆ ಹೇಗೆ? ಮುಂದಿನ ಭಾನುವಾರ ಒಂದು ಗಂಟೆ ಮೊದಲೇ ಮನೆಗೆ ಬಂದುಬಿಟ್ಟ. ಬಟ್ಟೆ ಮಡಿಸುವ ಹಿರಿಯ ಹೆಂಗಸೊಬ್ಬಳಿದ್ದಳು, ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಬೀಗುತ್ತಾ ಅದನ್ನು ಅವಳ ಹತ್ತಿರ ಹೇಳಿಕೊಂಡೆ.

ಅಕ್ಕ ನಗಲಿಲ್ಲ. "ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ," ಎಂದಳು.

"ಏನಕ್ಕಾ ಹಂಗಂದ್ರೆ?"

"ಬಂದ್ರೆ ಗಾಳಿಗೆ ಕೂರಿಸ್ತೀಯ, ಬರದಿದ್ರೆ ಬೇಯಿಸ್ತೀಯ. ಅವನಾದ್ರೂ ಇನ್ನೇನು ಮಾಡ್ತಾನೆ, ತಾಯೀ?"

ಮೈಯೆಲ್ಲ ಉರಿದುಹೋಯಿತು. ಮೂರು ದಿನ ಅವಳ ಜೊತೆ ಮಾತು ಬಿಟ್ಟೆ. ನಾಲ್ಕನೆಯ ದಿನ ಹಳೆಯ ಪಟ್ಟಿಗಳನ್ನು ತೆಗೆದು ನೋಡಿದೆ. ಅಕ್ಕ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಮ್ಯಾನೇಜರ್‌ಗೆ ಹೇಳಿ ಪಟ್ಟಿ ಬರೆಯುವ ಕೆಲಸವನ್ನು ಅಕ್ಕನಿಗೆ ವಹಿಸಿದೆ. ಗೇಟಿನ ಹತ್ತಿರ ಅವನನ್ನು ನಿಲ್ಲಿಸಿ, "ಇನ್ಮೇಲೆ ನಿನ್ನ ಕೆಲಸ ನನ್ನ ಕೈಲಿಲ್ಲ. ನೀನು ಬಂದ್ರೂ ಅಷ್ಟೇ, ಬರದಿದ್ರೂ ಅಷ್ಟೇ," ಎಂದೆ. ಬಾಯಿ ಹಾಗೆಂದಿತು. ಮನಸ್ಸು ಮಾತ್ರ ಬಾರೋ, ಬಾರೋ ಎಂದು ಗೋಗರೆಯುತ್ತಿತ್ತು.

ಭಾನುವಾರ ಮೂರಕ್ಕೆ ಬಾಗಿಲ ಬೆಲ್ ಆಯಿತು. ಅಬ್ಬಾ, ಹೋದ ಜೀವ ಬಂತು! ಓಡಿಹೋಗಿ ಬಾಗಿಲು ತೆಗೆದೆ. ಅವನು ಚಪ್ಪಲಿ ಬಿಡದೆ ಹೊರಗೇ ನಿಂತ.

"ಒಳಗೆ ಬಾ."

"ಬರಲೇಬೇಕಾ?"

"ನಿಂಗೆ ಬೇಕು ಅನ್ಸಿದ್ರೆ ಮಾತ್ರ."

"ದಾರಿಯುದ್ದಕ್ಕೂ ಅದೇ ಯೋಚಿಸ್ತಾ ಬಂದೆ. ಗೊತ್ತಾಗ್ಲಿಲ್ಲ. ಇಷ್ಟು ದಿನ ಯಾರೂ ಕೇಳಿರ್ಲಿಲ್ವಲ್ಲ."

"ಮತ್ತೆ ಯಾಕೆ ಬಂದೆ?"

"ಬರದಿದ್ರೆ ಏನಾಗುತ್ತೋ ಅಂತ ಭಯ. ಇನ್ನೂ ಹೋಗಿಲ್ಲ."

ಕೈ ಹಿಡಿದು ಒಮ್ಮೆ ಎಳೆದಿದ್ದರೆ ಒಳಗೆ ಬರುತ್ತಿದ್ದ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಅವನ ಮೇಲೆ ನನಗಿದ್ದದ್ದು ಪ್ರೀತಿಯೇ, ಅದೂ ಸುಳ್ಳಲ್ಲ. ಕೈ ಕಟ್ಟಿಕೊಂಡೆ.

"ಏನೂ ಆಗಲ್ಲ," ಎಂದೆ.

"ಹಂಗಾದ್ರೆ ಹೋಗ್ಲಾ?"

ಅವನು ಕಾದ. ನನ್ನ ಮುಖವನ್ನೇ ನೋಡುತ್ತಾ ತುಂಬ ಹೊತ್ತು ಕಾದ. ಕೊನೆಗೆ ನನ್ನ ಅಪ್ಪಣೆ ಇಲ್ಲದೆ, ತಾನಾಗಿಯೇ ಮೆಟ್ಟಿಲು ಇಳಿದು ಹೋದ.