ಅರ್ಧ ಬಟ್ಟಲು ಹಾಲು

ಬಹಳ ಬಹಳ ಹಿಂದೆ, ಚಕ್ರಾವತಿ ಎಂಬ ರಾಜ್ಯದಲ್ಲಿ ಎತ್ತು ಕುದುರೆಗಳ ಹಂಗಿಲ್ಲದೆ ಓಡುವ ಬಂಡಿಗಳಿದ್ದವು. ಅವುಗಳ ಹೊಟ್ಟೆಯಲ್ಲಿ ಬೆಂಕಿ ಇರುತ್ತಿತ್ತು. ಹೊಂಗೆ ಎಣ್ಣೆ ಕುಡಿಸಿದರೆ ಬೆಂಕಿ ಎದ್ದು ಗಾಲಿ ತಿರುಗುತ್ತಿತ್ತು. ಅದು ಹೇಗೆ ಎಂದು ನನ್ನನ್ನು ಕೇಳಬೇಡಿ, ಆ ಕಾಲದಲ್ಲಿ ಹಾಗಿತ್ತು.

ವರ್ಷಕ್ಕೊಮ್ಮೆ, ಹೊಂಗೆ ಹೂ ಬಿಟ್ಟ ಮೊದಲ ಹುಣ್ಣಿಮೆಯ ಬೆಳಿಗ್ಗೆ, ಅಲ್ಲಿ ಸುತ್ತೋಟ ನಡೆಯುತ್ತಿತ್ತು. ಮೂವತ್ತಮೂರು ಬಂಡಿ, ನೀಲಗುಡ್ಡದ ಸುತ್ತ ಮೂರು ಸುತ್ತು. ದಾರಿಗೆಲ್ಲ ಇಟ್ಟಿಗೆ ಹಾಸಿತ್ತು. ರಾಜ್ಯದ ಒಂದೊಂದು ಮನೆಯವರೂ ಹಸಿ ಇಟ್ಟಿಗೆಗೆ ಹೆಬ್ಬೆರಳು ಒತ್ತಿ, ಸುಟ್ಟು ತಂದು ಕೊಟ್ಟಿದ್ದರು. ಬಡವನ ಹೆಬ್ಬೆರಳೂ ಅರಸನ ಹೆಬ್ಬೆರಳೂ ಆ ದಾರಿಯಲ್ಲಿ ಅಕ್ಕಪಕ್ಕ ಇದ್ದವು.

ಮೊದಲ ಓಟ ಗೆದ್ದವನು ಮಲ್ಲಗೊಂಡ. ಅವನ ತಾಯಿ ಬಟ್ಟಲು ತುಂಬ ಹಾಲು ತಂದಳು. ಮಲ್ಲಗೊಂಡ ಅರ್ಧ ಕುಡಿದು ಬಟ್ಟಲು ಕೆಳಗಿಟ್ಟ. "ಕೊನೆಯವನು ಇನ್ನೂ ಬರ್ತಾ ಇದಾನೆ. ನಮ್ಮೆಲ್ಲರ ಧೂಳು ತಿಂದವನಿಗೆ ನನಗಿಂತ ಬಾಯಾರಿಕೆ ಜಾಸ್ತಿ" ಎಂದು ಇಟ್ಟಿಗೆಯ ಮೇಲೆ ಕೂತುಬಿಟ್ಟ. ಕೊನೆಯವನು ಬಂದು ಉಳಿದರ್ಧ ಕುಡಿದ ಮೇಲೇ ಅರಸ ಬಾವುಟ ಇಳಿಸಿದ. ಅಂದಿನಿಂದ ಅದೇ ಕಟ್ಟಳೆ. ಓಟಕ್ಕೆ ಮುಂಚೆ ಸಾರುವವನು ಒಬ್ಬೊಬ್ಬರ ಹೆಸರು ಕೂಗಬೇಕು, ಅವರು ಇಟ್ಟಿಗೆಗೆ ಹಣೆ ಮುಟ್ಟಿಸಿ "ಬಂದೆ!" ಎನ್ನಬೇಕು. ಹಾಗೆಂದವರೆಲ್ಲ ಹಿಂದಿರುಗುವವರೆಗೆ ಬಾವುಟ ಇಳಿಯಬಾರದು. ನೂರು ವರ್ಷ ಹೀಗೇ ನಡೆಯಿತು.

ಆಮೇಲೆ ಧೂಮಕೇಶಿ ಬಂದ. ತಲೆಯಲ್ಲಿ ಕೂದಲ ಬದಲು ಹೊಗೆ ಇದ್ದ ಮಾಂತ್ರಿಕ ಅವನು. ಮೊದಲ ವರ್ಷವೇ ಗೆದ್ದ, ಬಟ್ಟಲನ್ನು ಒಂದೇ ಉಸಿರಿಗೆ ಬರಿದು ಮಾಡಿದ. "ಸೋತವರನ್ನು ಕಾಯುವುದೇಕೆ, ಮಹಾಪ್ರಭು? ಬಾವುಟ ಇಳಿಸಿ, ಊಟಕ್ಕೆ ಏಳಿ" ಎಂದ. ಬಿಸಿಲು ಏರಿತ್ತು, ಜನ ಹಸಿದಿದ್ದರು. ಅರಸ ಬಾವುಟ ಇಳಿಸಿದ. ಜನ ಚಪ್ಪಾಳೆ ತಟ್ಟಿ ಮನೆಗೆ ನಡೆದರು.

ಆ ದಿನ ಕೊನೆಯಲ್ಲಿದ್ದವನು ಜಕ್ಕಣ್ಣ. ಅವನ ಬಂಡಿಯ ಅಚ್ಚು ಮುರಿದಿತ್ತು. ಅವನ ತಂಗಿ ಸಂಪಿ ಆಗ ಹದಿನಾರರ ಹುಡುಗಿ. "ಬರ್ತಾನೆ ಬಿಡು, ಎಲ್ಲಿಗೆ ಹೋಗ್ತಾನೆ" ಎಂದು ಅವಳೂ ಎಲ್ಲರ ಹಿಂದೆ ಎದ್ದು ಹೋದಳು. ಜಕ್ಕಣ್ಣ ಬರಲೇ ಇಲ್ಲ.

ಸೋತ ನಾಚಿಕೆಗೆ ಊರು ಬಿಟ್ಟಿರಬೇಕು ಎಂದರು ಜನ. ಮರುವರ್ಷವೂ ಧೂಮಕೇಶಿ ಗೆದ್ದ, ಕೊನೆಯವನು ಮನೆಗೆ ಬರಲಿಲ್ಲ. ಏಳು ವರ್ಷ, ಏಳು ಜನ. ಏಳು ಜನಕ್ಕೂ ಒಂದೇ ನಾಚಿಕೆಯೇ? ಆಡುವ ಬಾಯಿಗೆ ಬೀಗವಿಲ್ಲ, ಯೋಚಿಸುವ ತಲೆಗೇ ಬೀಗ ಬಿದ್ದಿತ್ತು.

ಎಂಟನೆಯ ಓಟದ ಮುನ್ನಾದಿನ ಸಂಪಿ, ತಾನೂ ಓಡಿಸಲೆಂದು ಸಿದ್ಧಮಾಡಿದ್ದ ಬಂಡಿಯನ್ನು ಸಾಲಿನಲ್ಲಿ ನಿಲ್ಲಿಸಿ ಹಿಂದಿರುಗುತ್ತಿದ್ದಳು. ಧೂಮಕೇಶಿಯ ಕಪ್ಪು ಬಂಡಿ ಗುರುಗುಟ್ಟುತ್ತಿತ್ತು. ಆ ಗುರುಗುಟ್ಟುವಿಕೆಯ ಒಳಗಿಂದ ಒಂದು ಶಿಳ್ಳೆ ಕೇಳಿತು. ಗಾಲಿಗೆ ಕಬ್ಬಿಣದ ಪಟ್ಟಿ ಬಡಿಯುವಾಗ ಅಣ್ಣ ಹಾಕುತ್ತಿದ್ದ ಶಿಳ್ಳೆ ಅದು.

ಬಟ್ಟಲು ಕೊಡುವ ಮನೆತನದ ಮುದುಕಿ ಹಾಲವ್ವನ ಬಳಿಗೆ ಅವಳು ಓಡಿದಳು. ಕೇಳಿದ ಶಿಳ್ಳೆಯ ಸಂಗತಿ ತಿಳಿಸಿದಳು. ಹಾಲವ್ವ ಹೇಳಿದಳು: "ಅವನ ಬಂಡಿ ಎಣ್ಣೆ ಕುಡಿಯೋದನ್ನ ಯಾರಾದರೂ ಕಂಡಿದ್ದೀರಾ, ಮಗಳೆ? ನಾವು ಕಾಯದೆ ಬಿಟ್ಟವರ ಉಸಿರೇ ಅದರ ಬೆಂಕಿ. ನಾಳೆ ಎಂಟನೆಯವನು ಸಿಕ್ಕಿದರೆ ಹಿಂದಿನ ಏಳೂ ಜನ ಉರಿದು ಬೂದಿಯಾಗ್ತಾರೆ."

"ಬಿಡಿಸೋ ದಾರಿ ಇಲ್ವಾ ಅಜ್ಜಿ?"

"ಅರ್ಧ ಬಟ್ಟಲು ಕೊನೆಯವನಿಗೆ ಸೇರಬೇಕು. ಆದರೆ ಬಟ್ಟಲು ಗೆದ್ದವನ ಕೈಯಲ್ಲಿರುತ್ತೆ. ಅವತ್ತು ತುಂಬಿದ ಬಟ್ಟಲು ಅವನ ಕೈಗೆ ಕೊಟ್ಟು ಸುಮ್ಮನೆ ನಿಂತವಳು ನಾನೇ." ಮುದುಕಿ ಅತ್ತಳು.

"ಹಾಗಾದರೆ ನಾನು ಗೆಲ್ತೀನಿ" ಎಂದಳು ಸಂಪಿ.

ಬೆಳಗಾಯಿತು. ಸಾರುವವನು ಹೆಸರು ಕೂಗಿದ. ಸಂಪಿ ಇಟ್ಟಿಗೆಗೆ ಹಣೆ ಮುಟ್ಟಿಸಿ "ಬಂದೆ!" ಎಂದಳು. ಅವಳ ಎಡಕ್ಕಿದ್ದ ಬುಕ್ಕ ಎಂಬ ತರುಣ ನಕ್ಕ. "ಅಣ್ಣನ ಹಾಗೆ ನೀನೂ ಊರು ಬಿಡಬೇಡವ್ವ" ಎಂದ. ಕಹಳೆ ಮೊಳಗಿತು, ಮೂವತ್ತಮೂರು ಬೆಂಕಿ ಒಮ್ಮೆಲೇ ಎದ್ದವು.

ಮೊದಲ ಸುತ್ತಿನಲ್ಲಿ ಧೂಮಕೇಶಿ ಮುಂದಿದ್ದ. ಅವನು ಹಿಂದಕ್ಕೆ ಒಂದು ಹಿಡಿ ಮಸಿ ಎರಚಿದ. ಮಸಿಯಿಂದ ಕಬ್ಬಿಣದ ಕೊಂಬಿನ ಕೋಣವೊಂದು ಎದ್ದು ದಾರಿಗೆ ಅಡ್ಡ ನಿಂತಿತು. ಸಂಪಿ ಬಂಡಿ ನಿಲ್ಲಿಸಿ ನೋಡಿದಳು. ಕೋಣದ ನಾಲಗೆ ಹೊರಗೆ ಜೋತಿತ್ತು. ಮಾಯೆಯ ಕೋಣವಾದರೂ ಬಾಯಾರಿಕೆ ಮಾಯೆಯದಲ್ಲ. ಅವಳು ಇಳಿದು, ತನಗೆಂದು ತಂದಿದ್ದ ನೀರನ್ನೆಲ್ಲ ಅದರ ಬಾಯಿಗೆ ಸುರಿದಳು.

"ನನ್ನನ್ನು ಹುಟ್ಟಿಸಿದವನು ನೀರು ಕೊಡಲಿಲ್ಲ. ನನ್ನ ಮೂಗುದಾರ ತೆಗೆದುಕೋ, ಅದು ಎಂದೂ ಹರಿಯದು" ಎಂದಿತು ಕೋಣ, ದಾರಿ ಬಿಟ್ಟಿತು.

ಎರಡನೆಯ ಸುತ್ತಿನಲ್ಲಿ ಧೂಮಕೇಶಿ ಇನ್ನೊಂದು ಹಿಡಿ ಮಸಿ ಎರಚಿದ. ಇದ್ದ ಒಂದು ದಾರಿ ಎರಡಾಯಿತು. ಎರಡೂ ಇಟ್ಟಿಗೆಯದೇ, ಎರಡೂ ಕೆಂಪೇ. ಸಂಪಿ ಇಳಿದು ಎರಡನ್ನೂ ಸವರಿದಳು. ಬಲಗಡೆಯದು ಕನ್ನಡಿಯಂತೆ ನುಣುಪು. ಎಡಗಡೆಯದರಲ್ಲಿ ಅವಳ ಬೆರಳು ಒಂದು ಗುಳಿಗೆ ಇಳಿಯಿತು, ಪಕ್ಕದಲ್ಲಿ ಇನ್ನೊಂದು, ಅದರಾಚೆ ಮತ್ತೊಂದು. ಎಲ್ಲ ಹೆಬ್ಬೆರಳ ಗುರುತು. "ಈ ಕಡೆ ಬನ್ನಿ! ಆ ಕಡೆ ಯಾರೂ ಹೋಗಬೇಡಿ!" ಎಂದು ಅವಳು ಹಿಂದಿನವರಿಗೆಲ್ಲ ಕೂಗಿ ಹೇಳಿದಳು. ಎಲ್ಲರೂ ಉಳಿದರು. ಬುಕ್ಕನೂ ಉಳಿದ, ಆದರೆ ಅವಳ ಮುಖ ನೋಡಲಿಲ್ಲ.

ಮೂರನೆಯ ಸುತ್ತಿನಲ್ಲಿ ಸಂಪಿ ಕಪ್ಪು ಬಂಡಿಯ ಬೆನ್ನು ಹಿಡಿದಳು. ಪಕ್ಕಕ್ಕೆ ಬಂದಾಗ ಅಣ್ಣನ ಶಿಳ್ಳೆ ಹಾಕಿದಳು. ಕಪ್ಪು ಬಂಡಿಯ ಒಳಗಿಂದ ಅದೇ ಶಿಳ್ಳೆ ಮರಳಿ ಬಂತು. ಒಳಗಿನ ಬೆಂಕಿ ತಡವರಿಸಿತು, ಗಾಲಿ ನಿಧಾನವಾಯಿತು. ಸಂಪಿ ಮುಂದೆ ಹೋದಳು. ಇನ್ನೊಂದೇ ತಿರುವು, ಆಮೇಲೆ ಬಾವುಟ.

ಸಿಟ್ಟಿಗೆದ್ದ ಧೂಮಕೇಶಿ ಮೂರನೆಯ ಹಿಡಿ ಮಸಿಯನ್ನು ಕೈಗೆ ಸಿಕ್ಕವರ ಮೇಲೆ ಎರಚಿದ. ಹಿಂದೆ ಬರುತ್ತಿದ್ದ ಬುಕ್ಕನ ಬಂಡಿ ಮಗುಚಿತು. ತಿರುವಿನ ತುಂಬ ಕಪ್ಪು ಮಂಜು ಕವಿಯಿತು, ಮಂಜಿನೊಳಗಿಂದ ಬುಕ್ಕನ ಕೂಗು ಬಂತು. ಉಳಿದ ಬಂಡಿಗಳು ಒಂದೊಂದಾಗಿ ಅವನನ್ನು ದಾಟಿದವು. ಯಾರೂ ನಿಲ್ಲಲಿಲ್ಲ.

ಮುಂದೆ ಹೋದರೆ ಅಣ್ಣ, ಹಿಂದೆ ತಿರುಗಿದರೆ ಬುಕ್ಕ. ಏಳು ವರ್ಷದ ಹಿಂದೆ ಅಣ್ಣನೂ ಇದೇ ತಿರುವಿನಲ್ಲಿ ಕೂಗಿರಬೇಕು, ಆಗ ತಾನು ಮನೆಯಲ್ಲಿ ಕೂತು ಉಣ್ಣುತ್ತಿದ್ದೆ ಎಂದು ಸಂಪಿಗೆ ಅನಿಸಿತು. ಒಬ್ಬನನ್ನು ಬಿಟ್ಟುಹೋದ ಭಾರವೇ ಎದೆಯ ಮೇಲಿತ್ತು, ಎರಡನೆಯದನ್ನು ಹೊರಲು ಅವಳಿಂದ ಆಗಲಿಲ್ಲ. ಅವಳು ಬಂಡಿ ತಿರುಗಿಸಿದಳು. ಧೂಮಕೇಶಿ ನಗುತ್ತ ಮುಂದೆ ಹೋದ.

ಸಂಪಿ ಬುಕ್ಕನನ್ನು ಎಳೆದು ತನ್ನ ಬಂಡಿಯಲ್ಲಿ ಕೂರಿಸಿದಳು. "ನನ್ನನ್ನ ಬಿಟ್ಟು ಹೋಗಕ್ಕ, ನೀನು ಗೆಲ್ಲಬಹುದಿತ್ತು" ಎಂದು ಅವನು ಅತ್ತ. "ಸುಮ್ಮನಿರಪ್ಪ" ಎಂದು ಅವಳು ಕೋಣದ ಮೂಗುದಾರದಿಂದ ಅವನ ಮುರಿದ ಬಂಡಿಯನ್ನು ತನ್ನದಕ್ಕೆ ಕಟ್ಟಿದಳು. ಮಂಜು ಎರಡೂ ಬಂಡಿಯನ್ನು ಹಿಂದಕ್ಕೆ ಎಳೆಯಿತು. ಹಗ್ಗ ಹರಿಯಲಿಲ್ಲ. ಹೊತ್ತು ಇಳಿಯುವಾಗ ಅವರು ಮಂಜಿನಿಂದ ಹೊರಬಂದರು. ಬಾವುಟ ಇಷ್ಟು ಹೊತ್ತಿಗೆ ಇಳಿದಿರುತ್ತದೆ, ಎಲ್ಲ ಮುಗಿದಿರುತ್ತದೆ ಎಂದುಕೊಂಡು ಸಂಪಿ ತಲೆ ಎತ್ತಿದಳು.

ಬಾವುಟ ಕಂಬದ ತುದಿಯಲ್ಲೇ ಇತ್ತು.

ನಡೆದದ್ದು ಇಷ್ಟು. ಗೆದ್ದ ಧೂಮಕೇಶಿಗೆ ಹಾಲವ್ವ ಅರ್ಧವೇ ತುಂಬಿದ ಬಟ್ಟಲು ಕೊಟ್ಟಿದ್ದಳು. "ಉಳಿದದ್ದೆಲ್ಲಿ ಮುದುಕಿ?" ಎಂದು ಅವನು ಗದರಿದಾಗ, "ಅದು ನಿನ್ನದಲ್ಲಪ್ಪ, ಕೊನೆಯವರದು" ಎಂದು ಉಳಿದ ಹಾಲಿನ ತಂಬಿಗೆಯನ್ನು ಮಡಿಲಲ್ಲಿಟ್ಟುಕೊಂಡು ಬಾವುಟದ ಕಂಬದ ಬುಡದಲ್ಲೇ ಕೂತುಬಿಟ್ಟಿದ್ದಳು. ಅವಳನ್ನು ನೋಡಿ, ಮಗನನ್ನು ಕಳೆದುಕೊಂಡ ಒಬ್ಬ ತಾಯಿ ಬಂದು ಪಕ್ಕದಲ್ಲಿ ಕೂತಳು. ಆಮೇಲೆ ಇನ್ನೊಬ್ಬಳು. ಆಮೇಲೆ ಊರಿಗೆ ಊರೇ ಇಟ್ಟಿಗೆಯ ಮೇಲೆ ಕೂತಿತು. ಅರಸ ಬಾವುಟದ ಹಗ್ಗದಿಂದ ಕೈ ತೆಗೆದು, ಕಿರೀಟ ಕೆಳಗಿಟ್ಟು, ತಾನೂ ಕೂತ.

ಹಾಲವ್ವ ತಂಬಿಗೆ ಎತ್ತಿ ಸಂಪಿಯ ಮುಂದೆ ಹಿಡಿದಳು. "ಕುಡಿ ಮಗಳೆ, ಕೊನೆಯವಳು ನೀನೇ."

ಸಂಪಿಯ ಗಂಟಲು ಒಣಗಿ ಹೋಗಿತ್ತು. ಆದರೂ ಬೇಡವೆಂದು ತಲೆಯಾಡಿಸಿದಳು. "ನಾನಲ್ಲ ಅಜ್ಜಿ. 'ಬಂದೆ' ಅಂದು ಹೋದವರು ಇನ್ನೂ ಏಳು ಜನ ದಾರೀಲಿದಾರೆ. ನಾವು ಬಾವುಟ ಇಳಿಸಿದ್ದೆವು ಅಷ್ಟೆ, ಅವರ ಓಟ ಮುಗಿದಿಲ್ಲ." ಆಮೇಲೆ ಅವಳು ಹಣೆಯನ್ನು ಇಟ್ಟಿಗೆಗೆ ಮುಟ್ಟಿಸಿ ಕೂಗಿದಳು: "ಜಕ್ಕಣ್ಣಾ!"

ಉತ್ತರವಿಲ್ಲ. ಎರಡನೆಯ ಸಲ ಕೂಗಿದಳು. ಉತ್ತರವಿಲ್ಲ. ಮೂರನೆಯ ಸಲ ಊರೆಲ್ಲ ಅವಳ ಜೊತೆ ಕೂಗಿತು. ಕಪ್ಪು ಬಂಡಿಯ ಹೊಟ್ಟೆಯೊಳಗಿಂದ ಒಂದು ದನಿ ಬಂತು: "ಬಂದೆ!"

ಏಳು ಹೆಸರನ್ನೂ ಕೂಗಿದರು, ಏಳು ದನಿಗಳೂ ಓಗೊಟ್ಟವು. ಕಪ್ಪು ಬಂಡಿಯ ಬೆಂಕಿ ಆರಿತು. ಬೆಂಕಿ ಆರಿದರೆ ಹೊಗೆ ಎಲ್ಲಿಂದ ಬರಬೇಕು? ಧೂಮಕೇಶಿಯ ತಲೆ ಕರಗಿತು, ಹೆಗಲು ಕರಗಿತು, ಕೊನೆಗೆ ಅವನು ನಿಂತಲ್ಲಿ ಒಂದು ಹಿಡಿ ಮಸಿ ಉಳಿಯಿತು. ಗಾಳಿ ಅದನ್ನೂ ಉಳಿಸಲಿಲ್ಲ.

ತಿರುವಿನ ಮಂಜು ಹರಿಯಿತು. ಒಂದಾದ ಮೇಲೊಂದರಂತೆ ಆರು ಬಂಡಿಗಳು ಬಂದವು. ತಾಯಂದಿರು ಎದ್ದು ಓಡಿದರು. ಎಲ್ಲಕ್ಕಿಂತ ಹಿಂದೆ, ಅಚ್ಚು ಮುರಿದ ಬಂಡಿಯನ್ನು ಕೈಯಿಂದಲೇ ತಳ್ಳುತ್ತ ಜಕ್ಕಣ್ಣ ಬಂದ. ಅವನಿಗೆ ಏಳು ವರ್ಷ ಕಳೆದದ್ದು ಗೊತ್ತಿರಲಿಲ್ಲ. ತನಗಿಂತ ದೊಡ್ಡವಳಾಗಿ ಬೆಳೆದ ತಂಗಿಯನ್ನು ನೋಡಿ ಬೆರಗಾಗಿ ನಿಂತ.

"ತುಂಬಾ ತಡವಾಯ್ತೇನೇ ಸಂಪಿ?"

ಸಂಪಿಗೆ ಅಳು ಉಕ್ಕಿ ಬಂತು. "ಅವತ್ತು ನಾನು ಕಾಯಲಿಲ್ಲ ಅಣ್ಣ, ಮನೆಗೆ ಹೋಗಿಬಿಟ್ಟೆ."

ಜಕ್ಕಣ್ಣ ಅವಳ ಧೂಳು ಮೆತ್ತಿದ ಹಣೆ ಒರೆಸಿದ. ಕಂಬದ ತುದಿಯ ಬಾವುಟ ನೋಡಿದ, ಇಟ್ಟಿಗೆಯ ಮೇಲೆ ಕೂತಿದ್ದ ಊರನ್ನು ನೋಡಿದ. "ಇವತ್ತು ಕಾದೆಯಲ್ಲ" ಎಂದ.

ಅವನು ಹಾಲು ಕುಡಿದ. ಅರಸ ಬಾವುಟ ಇಳಿಸಿದ.

ಆಮೇಲೆ ಚಕ್ರಾವತಿಯ ಜನ ಬಹುಕಾಲ ನೆಮ್ಮದಿಯಾಗಿ ಬಾಳಿದರು. ಸುತ್ತೋಟ ಈಗಲೂ ಅಲ್ಲಿ ನಡೆಯುತ್ತದಂತೆ. ಯಾರು ಗೆದ್ದರೆಂದು ಕೇಳಿದರೆ ಅಲ್ಲಿಯವರು ಸ್ವಲ್ಪ ಯೋಚಿಸಿ ಹೇಳುತ್ತಾರೆ. ಕೊನೆಯಲ್ಲಿ ಯಾರು ಬಂದರೆಂದು ಕೇಳಿದರೆ ತಟ್ಟನೆ ಹೇಳುತ್ತಾರೆ, ಅವರ ದಾರಿಯನ್ನು ಎಲ್ಲರೂ ಕೂತು ನೋಡಿರುತ್ತಾರಲ್ಲ.